ಸಾಣೆ ತಿರುಗಿಸಿದ ಹಳ್ಳ

ಜರ್ಮನಿಯ ನಕ್ಷೆಯಲ್ಲಿ ಇಡಾರ್‌ಬಾಖ್ ಕಾಣಬೇಕಾದರೆ ಕಣ್ಣು ಚುರುಕಾಗಿರಬೇಕು. ನೈಋತ್ಯದ ಹುನ್ಸ್‌ರ್ಯುಕ್ ಬೆಟ್ಟಸಾಲಿನ ಕಾಡಿನಲ್ಲಿ ಹುಟ್ಟುವ ಈ ಹಳ್ಳ ಇಪ್ಪತ್ತು ಚಿಲ್ಲರೆ ಕಿ.ಮೀ. ಹರಿದು ಇಡಾರ್-ಒಬರ್‌ಸ್ಟೈನ್ ಊರಿನಲ್ಲಿ ನಾಹೆ ನದಿಯನ್ನು ಸೇರುತ್ತದೆ. ನಾಹೆ ಮುಂದೆ ಬಿಂಗೆನ್ ಬಳಿ ರೈನ್ ನದಿಗೆ ಕೂಡುತ್ತದೆ. ಹಳ್ಳದಲ್ಲಿ ದೋಣಿ ಸಾಗುವಷ್ಟು ನೀರಿಲ್ಲ. ಗಾಲಿ ತಿರುಗಿಸುವಷ್ಟು ಇಳಿಜಾರು ಮಾತ್ರ ಧಾರಾಳ.

ಸುಮಾರು 29 ಕೋಟಿ ವರ್ಷಗಳ ಹಿಂದೆ ಇಲ್ಲಿ ಹರಿದ ಲಾವಾದ ಗುಳ್ಳೆಗಳೊಳಗೆ ಪಟ್ಟೆಪಟ್ಟೆಯ ಅಗೇಟ್ ಕಲ್ಲು ಕೂಡಿಕೊಂಡಿತ್ತು. ಊರವರು ಅದನ್ನು ಅಗೆದರು, ಹಳ್ಳಕ್ಕೆ ಒಡ್ಡು ಕಟ್ಟಿ ನೀರನ್ನು ಗಾಲಿಗೆ ಬಿಟ್ಟು ಸಾಣೆ ಹಿಡಿದರು.

ಕೆಲಸದ ರೀತಿ ಮಾತ್ರ ಮೈ ನಡುಗಿಸುವಂಥದ್ದು. ಆಳೆತ್ತರದ ಮರಳುಗಲ್ಲಿನ ಸಾಣೆಚಕ್ರದ ಮುಂದೆ ಕೆಲಸಗಾರ ಗಿಡ್ಡ ಮರದ ಪೀಠದ ಮೇಲೆ ಬೋರಲು ಮಲಗುತ್ತಿದ್ದ. ಕಾಲನ್ನು ನೆಲದ ಮರದ ಪಟ್ಟಿಗೆ ಒತ್ತಿ ಹಿಡಿದು, ಮೈಭಾರವನ್ನೆಲ್ಲ ಹಾಕಿ ಕಲ್ಲನ್ನು ಚಕ್ರಕ್ಕೆ ಅದುಮುತ್ತಿದ್ದ. ಸದಾ ತೇವ, ಥಂಡಿ. ಉಸಿರಿನೊಂದಿಗೆ ಒಳಹೋಗುವ ಕಲ್ಲಿನ ಪುಡಿ ಎಷ್ಟೋ ಜನರ ಶ್ವಾಸಕೋಶ ತಿಂದಿತು. ಕೆಲವೊಮ್ಮೆ ಚಕ್ರವೇ ಸಿಡಿಯುತ್ತಿತ್ತು. ಬೇಸಿಗೆಯಲ್ಲಿ ನೀರು ಬತ್ತಿದರೆ ಗಾಲಿಯೂ ನಿಲ್ಲುತ್ತಿತ್ತು, ಕೂಲಿಯೂ.

19ನೇ ಶತಮಾನದ ಹೊತ್ತಿಗೆ ಸ್ಥಳೀಯ ಕಲ್ಲು ತೀರುತ್ತ ಬಂತು. ಬಡತನದಿಂದ ಬ್ರೆಜಿಲ್‌ಗೆ ವಲಸೆ ಹೋದ ಇಲ್ಲಿಯವರು ಅಲ್ಲಿನ ರಿಯೊ ಗ್ರಾಂಡೆ ದೊ ಸುಲ್ ಪ್ರಾಂತ್ಯದಲ್ಲಿ ಅಗೇಟಿನ ದೊಡ್ಡ ದೊಡ್ಡ ಉಂಡೆಗಳನ್ನು ಗುರುತಿಸಿದರು. 1834ರಲ್ಲಿ ಮೊದಲ ಸರಕು ಬಂತು. ನಾಹೆ ಕಣಿವೆಗೆ ಪೂರ್ತಿ ರೈಲು ಹಳಿ ಬಿದ್ದದ್ದು 1860ರಲ್ಲಿ. ಅಲ್ಲಿಯವರೆಗೆ ಸಾಗರ ದಾಟಿ ಬಂದ ಕಲ್ಲಿನ ಕೊನೆಯ ದಾರಿ ಬಂಡಿಯದು. ಇಷ್ಟೆಲ್ಲ ತಾಪತ್ರಯ ಯಾಕೆ? ಕಲ್ಲು ಎಲ್ಲಾದರೂ ಸಿಕ್ಕೀತು. ಹಳ್ಳದುದ್ದದ ಸಾಣೆಮನೆಗಳು, ತಲೆಮಾರುಗಳಿಂದ ಪಳಗಿದ ಕೈಗಳು ಇದ್ದದ್ದು ಇಲ್ಲಿ.

ಬ್ರೆಜಿಲಿನ ಕಲ್ಲಿಗೆ ಇನ್ನೊಂದು ಗುಣವಿತ್ತು: ಅದು ಬಣ್ಣ ಹೀರುತ್ತಿತ್ತು. ಸಕ್ಕರೆ ಪಾಕದಲ್ಲೋ ಜೇನಿನ ನೀರಿನಲ್ಲೋ ನೆನೆಸಿ ಗಂಧಕಾಮ್ಲದಲ್ಲಿ ಕಾಸಿದರೆ, ಒಳಗೆ ಇಳಿದ ಸಿಹಿ ಇದ್ದಿಲಾಗಿ ಕಲ್ಲು ಕಪ್ಪಾಗುತ್ತಿತ್ತು. ಆಫ್ರಿಕಾದ ಮಾರುಕಟ್ಟೆಯಲ್ಲಿ ನಮ್ಮ ಗುಜರಾತಿನ ಖಂಭಾತದ ಮಣಿಗಳಿಗೆ ಪೈಪೋಟಿ ಕೊಟ್ಟದ್ದು ಇದೇ ಕಣಿವೆಯ ಸರಕು. ಆ ಶತಮಾನದ ಕೊನೆಯ ದಶಕಗಳಲ್ಲಿ ಈ ಹಳ್ಳ ಮತ್ತು ಸುತ್ತಲಿನ ತೊರೆಗಳ ಮೇಲೆ ನೂರಕ್ಕೂ ಹೆಚ್ಚು ಸಾಣೆಮನೆಗಳಿದ್ದವು.

1900ರ ಆಸುಪಾಸಿಗೆ ವಿದ್ಯುತ್ ಬಂದ ಮೇಲೆ ಸಾಣೆ ನೀರಿನ ದಡ ಬಿಟ್ಟು ಮನೆಯಂಗಳ ಸೇರಿತು. ಒಂದೊಂದಾಗಿ ಒಡ್ಡುಗಳು ಹಾಳುಬಿದ್ದವು. ಊರು ಈಗಲೂ ರತ್ನದ ವ್ಯಾಪಾರಕ್ಕೆ ಹೆಸರುವಾಸಿ, ಆದರೆ ಅದಕ್ಕೆ ಹಳ್ಳದ ಹಂಗಿಲ್ಲ. ಬೋರಲು ಮಲಗಿ ಸಾಣೆ ಹಿಡಿಯುವುದನ್ನು ನೋಡಬಯಸುವವರು ಟೀಫೆನ್‌ಸ್ಟೈನ್‌ನ ವೈಯರ್‌ಶ್ಲೈಫೆ ಎಂಬ ಹಳೆಯ ಸಾಣೆಮನೆಗೆ ಟಿಕೆಟ್ ಕೊಂಡು ಹೋಗುತ್ತಾರೆ.