29 ಸೆಕೆಂಡ್: ಸಾಕು, ಬೇಕು, ಮತ್ತೆ ಸಾಕು

ಭಾಗ 1
ಫ್ರೆಂಡ್ಸ್, ಟ್ರಯಥ್ಲಾನ್ ಗೊತ್ತಲ್ವಾ? ಈಜು, ಸೈಕಲ್, ಓಟ, ಮೂರೂ ಒಂದರ ಹಿಂದೆ ಒಂದು. ಅದರಲ್ಲೇ ಭಾರಿ ಹೆಸರಿನದ್ದು ಐರನ್‌ಮ್ಯಾನ್: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ 42.2 ಕಿ.ಮೀ. ಓಟ. ಎಲ್ಲಾ ಒಂದೇ ದಿನ!

ಇದು ಹುಟ್ಟಿದ್ದು ಹವಾಯಿಯಲ್ಲಿ, 1978ರ ಫೆಬ್ರವರಿ 18ರಂದು. ಈಜುಗಾರರು ಗಟ್ಟಿಯೋ, ಓಟಗಾರರು ಗಟ್ಟಿಯೋ ಅನ್ನೋ ವಾದದಿಂದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಪತ್ನಿ ಜೂಡಿ ಇದನ್ನು ಶುರು ಮಾಡಿದರು. 15 ಜನ ಹೊರಟರು, 12 ಜನ ಮುಗಿಸಿದರು. ಆದರೆ ಜಗತ್ತಿನ ಕಣ್ಣು ಇದರ ಮೇಲೆ ಬಿದ್ದದ್ದು ನಾಲ್ಕು ವರ್ಷದ ನಂತರ, ನಮ್ಮಂಥ ಒಬ್ಬ ವಿದ್ಯಾರ್ಥಿನಿಯಿಂದ.

ಭಾಗ 2
ಹೆಸರು ಜೂಲಿ ಮಾಸ್. ಕ್ಯಾಲಿಫೋರ್ನಿಯಾದ ಹುಡುಗಿ, ವಯಸ್ಸು 23. ಕಾಲೇಜಿನ ಸಂಶೋಧನಾ ಪ್ರಬಂಧಕ್ಕೆ ವಿಷಯ ಬೇಕಿತ್ತು, ಅದಕ್ಕೇ ಐರನ್‌ಮ್ಯಾನ್‌ಗೆ ಹೆಸರು ಕೊಟ್ಟಳು! 1982ರ ಫೆಬ್ರವರಿ 6ರಂದು ಹವಾಯಿಯ ಕೋನಾದಲ್ಲಿ ನೀರಿಗಿಳಿದಾಗ ಗೆಲ್ಲೋ ಲೆಕ್ಕವೇ ಇರಲಿಲ್ಲ. ಮುಗಿಸಿದರೆ ಸಾಕು.

"ಸಾಕು" ಅಂತ ಹೊರಟವರ ಮನಸ್ಸು ಹಗುರ ಇರುತ್ತೆ. ಆದರೆ ಓಟದಲ್ಲಿ ನೋಡಿದರೆ ಮಹಿಳೆಯರ ಪೈಕಿ ಅವಳೇ ಮುಂದೆ. ಪಕ್ಕದಲ್ಲಿ ಟಿವಿ ಕ್ಯಾಮೆರಾ. ಅಲ್ಲಿಂದ "ಸಾಕು" ಹೋಗಿ "ಬೇಕು" ಬಂತು. ಬೆಳಿಗ್ಗೆ ಇಲ್ಲದ ಭಯವೂ ಅದರ ಜೊತೆಗೇ ಬಂತು: ಕೈಗೆ ಬಂದದ್ದು ತಪ್ಪಿಹೋದರೆ?

ಭಾಗ 3
ಇಲ್ಲಿ ಸ್ವಲ್ಪ ಸೈನ್ಸ್ ಕೇಳಿ. ಸ್ನಾಯು ಮತ್ತು ಯಕೃತ್ತಿನಲ್ಲಿ ನಮ್ಮ ದೇಹ ಕೂಡಿಟ್ಟಿರೋ ಗ್ಲೈಕೋಜನ್ ಇಷ್ಟು ದೂರಕ್ಕೆ ಸಾಲಲ್ಲ, ದಾರಿಯಲ್ಲೇ ತಿನ್ನುತ್ತಾ ಕುಡಿಯುತ್ತಾ ಹೋಗಬೇಕು. ರಕ್ತದಲ್ಲಿ ಸಕ್ಕರೆ ಇಳಿದರೆ ಕಾಲಷ್ಟೇ ಅಲ್ಲ, ಮೆದುಳೂ ಮಂಕಾಗುತ್ತೆ. "ನನ್ನ ಕೈಲಿ ಆಗಲ್ಲ" ಅನ್ನೋ ಮಾತು ಎಷ್ಟೋ ಸಲ ಮನಸ್ಸಿನದ್ದಲ್ಲ, ಖಾಲಿಯಾದ ದೇಹದ್ದು.

ಗುರಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಜೂಲಿಯ ಕಾಲು ಸೋತವು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಗೆರೆ ಇನ್ನು ಕೆಲವೇ ಅಡಿ ಇದ್ದಾಗ ಕ್ಯಾಥ್ಲೀನ್ ಮೆಕಾರ್ಟ್ನಿ ಪಕ್ಕದಿಂದಲೇ ದಾಟಿಹೋದಳು.

"ಬೇಕು" ಅಂದದ್ದು ಅಲ್ಲಿಗೆ ಮುಗೀತು. ಉಳಿದದ್ದು ಬೆಳಿಗ್ಗೆಯ "ಸಾಕು" ಮಾತ್ರ: ಮುಗಿಸಿದರೆ ಸಾಕು. ಜೂಲಿ ಅಂಬೆಗಾಲಿಟ್ಟು ಹೋಗಿ ಗೆರೆ ಮುಟ್ಟಿದಳು. ಕ್ಯಾಥ್ಲೀನ್ 11 ಗಂಟೆ 9 ನಿಮಿಷ 40 ಸೆಕೆಂಡ್, ಜೂಲಿ 11 ಗಂಟೆ 10 ನಿಮಿಷ 9 ಸೆಕೆಂಡ್. ಅಂತರ ಬರೀ 29 ಸೆಕೆಂಡ್.

ಒಂದು ವಿಚಿತ್ರ ಗೊತ್ತಾ? ಜೂಲಿಯ ಸುತ್ತ ಜನ ಮುತ್ತಿಕೊಂಡಿದ್ದರಿಂದ, ಅವಳನ್ನು ದಾಟಿದ್ದೇ ಕ್ಯಾಥ್ಲೀನ್‌ಗೆ ತಿಳಿಯಲಿಲ್ಲ. ಗೆದ್ದ ವಿಷಯ ಗೊತ್ತಾದದ್ದು ಗೆರೆ ದಾಟಿದ ಮೇಲೆ.

ಭಾಗ 4
ಆ ದೃಶ್ಯ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಬಂತು. ನೋಡಿದವರಲ್ಲಿ ಮಾರ್ಕ್ ಅಲೆನ್ ಅನ್ನೋ ಈಜುಗಾರನೂ ಒಬ್ಬ. ಅದೇ ವರ್ಷ ಅಕ್ಟೋಬರ್‌ನಲ್ಲಿ ಎರಡನೇ ಸಲ ನಡೆದ ಐರನ್‌ಮ್ಯಾನ್‌ಗೆ ಅವನೂ ಹೋದ. ಸೈಕಲ್ ಕೆಟ್ಟು ಅರ್ಧಕ್ಕೇ ನಿಲ್ಲಬೇಕಾಯ್ತು. ಆಮೇಲೂ ಕೋನಾದಲ್ಲಿ ಸೋಲಿನ ಮೇಲೆ ಸೋಲು. 1987ರಲ್ಲಿ ಓಟದಲ್ಲಿ ಮುಂದಿದ್ದವನು ಕುಸಿದ, ಡೇವ್ ಸ್ಕಾಟ್ ಗೆದ್ದ. 1989ರಲ್ಲಿ ಅದೇ ಸ್ಕಾಟ್ ಜೊತೆ ಎಂಟು ಗಂಟೆ ಅಕ್ಕಪಕ್ಕದಲ್ಲೇ ಸಾಗಿ, ಕೊನೆಯ ಮೂರು ಕಿ.ಮೀ. ಸುಮಾರಿಗೆ ಮುಂದೆ ಹೋಗಿ 58 ಸೆಕೆಂಡ್‌ನಿಂದ ಗೆದ್ದ. ಒಟ್ಟು ಆರು ಸಲ ಕೋನಾ ಗೆದ್ದವನು, ಮೊದಲ ಸಲ ಮುಗಿಸಿಯೂ ಇರಲಿಲ್ಲ!

ಭಾಗ 5
ಎಲ್ಲರೂ ಅಂಬೆಗಾಲಿಟ್ಟಾದರೂ ಮುಗಿಸಲೇಬೇಕು ಅಂತ ನಾನು ಹೇಳ್ತಿಲ್ಲ. ದೇಹ ಕೈಕೊಟ್ಟಾಗ ನಿಲ್ಲಿಸೋದಕ್ಕೂ ಧೈರ್ಯ ಬೇಕು. ನಿಂತವನೇ ಮುಂದೆ ಗೆದ್ದದ್ದನ್ನೂ ನೋಡಿದಿರಲ್ಲ.

ನಾನು ಹೇಳೋದು ಇಷ್ಟೇ. ಒಂದೇ ದಿನದಲ್ಲಿ ಮನಸ್ಸು ಹತ್ತು ಸಲ ಏರುತ್ತೆ, ಹತ್ತು ಸಲ ಇಳಿಯುತ್ತೆ. ಇಳಿದ ಹೊತ್ತಲ್ಲಿ ಅದು ಕೊಡೋ ತೀರ್ಪನ್ನು ಕೊನೇ ತೀರ್ಪು ಅಂತ ತಗೋಬೇಡಿ. ಮೊದಲು ನೀರು ಕುಡೀರಿ, ಏನಾದ್ರೂ ತಿನ್ನಿ, ಆಮೇಲೆ ಯೋಚನೆ ಮಾಡಿ. ರ‍್ಯಾಂಕ್ ಕೈತಪ್ಪಿದ ದಿನ, ನೀವು ಓದೋಕೆ ಶುರು ಮಾಡಿದ್ದು ಯಾಕೆ ಅಂತ ಒಮ್ಮೆ ನೆನಪಿಸಿಕೊಳ್ಳಿ.

ನಿಮ್ಮ "ಸಾಕು" ಯಾವುದು? ಕಾಮೆಂಟ್‌ನಲ್ಲಿ ಬರೀರಿ, ಓದ್ತೀನಿ.

#ಕ್ರೀಡಾಇತಿಹಾಸ #ಟ್ರಯಥ್ಲಾನ್ #ಜೂಲಿಮಾಸ್