ಬೋಟಿನ ಹಾಡು, ಬ್ಯಾಟರಿಯ ಕಿಡಿ: ನಮ್ಮ ಕರಾವಳಿಯ 12 ವೋಲ್ಟ್ ಚರಿತ್ರೆ

ಕಾರವಾರ ಕರೆಂಟ್ ತಯಾರಿಸುವ ತಾಲ್ಲೂಕು. ಕದ್ರಾದಲ್ಲಿ ಕಾಳಿ ನದಿಯ ನೀರಿನಿಂದ, ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ 4 ಅಣು ಘಟಕಗಳಿಂದ ವಿದ್ಯುತ್ ಹೊರಟು ದೂರದೂರಕ್ಕೆ ಹೋಗುತ್ತದೆ. ಆದರೆ ಬೈತಖೋಲ ಬಂದರಿನ ಧಕ್ಕೆ ದಾಟಿದರೆ ಆ ತಂತಿ ಇಲ್ಲ. ಕಡಲಿಗಿಳಿದ ಬೋಟಿಗೆ ಎಂಜಿನ್ ಪಕ್ಕದ ಬ್ಯಾಟರಿಯೇ ಗತಿ. ದೀಪ, ವೈರ್‌ಲೆಸ್, ಜಿಪಿಎಸ್, ಹಾಡಿನ ಪೆಟ್ಟಿಗೆ ಎಲ್ಲವೂ ಅದನ್ನೇ ನಂಬಿವೆ. ಇಷ್ಟೊಂದು ಭಾರ ಅದರ ಮೇಲೆ ಬಿದ್ದದ್ದು ಹೇಗೆ? ಅದನ್ನು ಕಾಯಬೇಕಾದ ಫ್ಯೂಸ್ ಎಲ್ಲಿ ಹಿಂದೆ ಉಳಿಯಿತು?

ತಂತಿ ಇಲ್ಲದ ಕಾಲ

ರಂಪಣಿ ಊರಿಗೆ ಊರೇ ಸೇರಿ ದಡದಿಂದ ಎಳೆಯುವ ಬಲೆ. ಬಲೆ ಬಿಡುವ ದೋಣಿಗೆ ಹುಟ್ಟು ಸಾಕಿತ್ತು, ರಾತ್ರಿಗೆ ಲಾಟೀನು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. 1954ರಲ್ಲಿ ಅಮೆರಿಕದಲ್ಲಿ ಜೇಬಿನಲ್ಲಿ ಹಿಡಿಯುವ ಟ್ರಾನ್ಸಿಸ್ಟರ್ ರೇಡಿಯೊ ಮಾರುಕಟ್ಟೆಗೆ ಬಂತು. ಮುಂದಿನ ದಶಕಗಳಲ್ಲಿ ಅಂಥ ರೇಡಿಯೊಗಳು ನಮ್ಮ ಕಡೆಗೂ ಬಂದವು.

ಟ್ರಾನ್ಸಿಸ್ಟರ್‌ಗೆ ನಾಲ್ಕು ಸೆಲ್ ಹಾಕಿದರೆ 6 ವೋಲ್ಟ್. ಎಳೆಯಲು ವೈರ್ ಇಲ್ಲ. ಏನೋ ತಪ್ಪಾದರೂ ಸೆಲ್ ಖಾಲಿಯಾಗಿ ಹಾಡು ನಿಲ್ಲುತ್ತಿತ್ತು, ಅಷ್ಟೆ. ಫ್ಯೂಸ್ ಬೇಕೆಂದು ಯಾರಿಗೂ ಅನಿಸಲಿಲ್ಲ, ಬೇಕಾಗಿಯೂ ಇರಲಿಲ್ಲ.

ಎಂಜಿನ್ ಜೊತೆ ಬಂದ ಬ್ಯಾಟರಿ

1950ರ ದಶಕದಲ್ಲಿ ಕೇರಳದ ನೀಂಡಕರದಲ್ಲಿ ಆರಂಭವಾದ ಭಾರತ–ನಾರ್ವೆ ಮೀನುಗಾರಿಕಾ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಬಂತು. ಎಂಜಿನ್ ಬೋಟ್‌ಗಳು ಹೆಚ್ಚಿದವು. 1970ರ ದಶಕದಲ್ಲಿ ಪರ್ಸೀನ್ ಬಲೆ ಬಂದು ರಂಪಣಿಯವರ ಹೊಟ್ಟೆಗೆ ಹೊಡೆತ ಬಿತ್ತು. ಆ ಜಗಳದ ಕಥೆ ಎಲ್ಲರಿಗೂ ಗೊತ್ತು. ಎಂಜಿನ್ ಜೊತೆ ಡೈನಮೊ, ಬ್ಯಾಟರಿ ಬಂದ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮೊದಲು ಬ್ಯಾಟರಿಗಿದ್ದ ಕೆಲಸ ಎಂಜಿನ್ ಎಬ್ಬಿಸುವುದು, ಒಂದೆರಡು ಬಲ್ಬು ಉರಿಸುವುದು. ಆಮೇಲೆ ಕಾರಿನ ಟೇಪ್ ಬಂತು. ಅದಕ್ಕೂ 12 ವೋಲ್ಟೇ ಸಾಕು, ಹಾಗಾಗಿ ಬೋಟಿಗೆ ಸಲೀಸಾಗಿ ಹೊಂದಿತು. ನಂತರ ವೈರ್‌ಲೆಸ್, ಮೀನು ತೋರಿಸುವ ಫಿಶ್ ಫೈಂಡರ್, ಜಿಪಿಎಸ್, ಮೊಬೈಲ್ ಚಾರ್ಜರ್. ಕೊನೆಗೆ ಆಂಪ್ಲಿಫೈಯರ್, ದೊಡ್ಡ ಸ್ಪೀಕರ್. ಹೊಸದು ಬಂದಾಗಲೆಲ್ಲ ಹಳೆಯ ವೈರಿಗೇ ಒಂದು ಜಾಯಿಂಟ್ ಕೊಟ್ಟು, ಟೇಪ್ ಸುತ್ತಿದರೆ ಕೆಲಸ ಮುಗಿಯಿತು ಎನ್ನುವ ರೂಢಿ ಬೆಳೆಯಿತು.

ಶಾಕ್ ಹೊಡೆಯದು, ಸುಡುತ್ತದೆ

12 ವೋಲ್ಟ್ ಕೈಗೆ ಶಾಕ್ ಹೊಡೆಯುವುದಿಲ್ಲ. ಅದಕ್ಕೇ ನಮಗೆ ಅದರ ಭಯ ಇಲ್ಲ. ಆದರೆ ಲೆಕ್ಕ ನೋಡಿ. 300 ವ್ಯಾಟ್ ಎಳೆಯುವ ಸೆಟ್‌ಗೆ ಮನೆಯ 230 ವೋಲ್ಟ್‌ನಲ್ಲಿ ಸುಮಾರು 1.3 ಆಂಪಿಯರ್ ಸಾಕು. ಬೋಟಿನ 12 ವೋಲ್ಟ್‌ನಲ್ಲಿ ಅದೇ ಸೆಟ್ 25 ಆಂಪಿಯರ್ ಎಳೆಯುತ್ತದೆ. ವೈರ್ ಬಿಸಿಯಾಗುವುದು ವೋಲ್ಟ್‌ನಿಂದಲ್ಲ, ಆಂಪಿಯರ್‌ನಿಂದ.

ಬ್ಯಾಟರಿಯಿಂದ ಕ್ಯಾಬಿನ್‌ಗೆ 5 ಮೀಟರ್ ಎಂದರೆ ಹೋಗಿಬರುವ ವೈರ್ 10 ಮೀಟರ್. ಮನೆಯ ಪ್ಲಗ್ಗಿಗೆ ಹಾಕುವ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದರೆ ದಾರಿಯಲ್ಲೇ ಸುಮಾರು 1.7 ವೋಲ್ಟ್ ನಷ್ಟ. ಹಾಡು ಒಡೆಯುತ್ತದೆ, ವೈರ್ ಬಿಸಿಯಾಗುತ್ತದೆ. 10 ಚದರ ಮಿಲಿಮೀಟರ್ ವೈರ್ ಆದರೆ ನಷ್ಟ ಅರ್ಧ ವೋಲ್ಟಿಗೂ ಕಡಿಮೆ.

ಮೇಲೆ ಉಪ್ಪುಗಾಳಿ ಬೇರೆ. ತಾಮ್ರಕ್ಕೆ ಹಸಿರು ಕಿಲುಬು ಹಿಡಿದ ಜಾಯಿಂಟ್ ಒಳಗೊಳಗೇ ಕಾಯುತ್ತದೆ. ಅಲ್ಲಿ ಕರೆಂಟ್ ಹೆಚ್ಚಾಗುವುದಿಲ್ಲವಾದ್ದರಿಂದ ಫ್ಯೂಸ್ ಕೂಡ ಹಾರುವುದಿಲ್ಲ. ತವರ ಲೇಪಿಸಿದ ವೈರ್, ಬಿಗಿಯಾಗಿ ಒತ್ತಿದ ಲಗ್ ಇವೇ ಅದಕ್ಕೆ ಮದ್ದು.

ಫ್ಯೂಸ್ ಕಾಯುವುದು ಯಾರನ್ನು?

1847ರಲ್ಲೇ ಫ್ರಾನ್ಸಿನ ಲೂಯಿ ಬ್ರೆಗೆ ಎಂಬಾತ, ಸಿಡಿಲಿನಿಂದ ಟೆಲಿಗ್ರಾಫ್ ಕಚೇರಿ ಉಳಿಸಲು ನಡುವೆ ತೆಳು ತಂತಿ ಇಡಿ ಎಂದಿದ್ದ. ತೆಳು ತಂತಿ ಸುಟ್ಟು ಉಳಿದದ್ದನ್ನು ಉಳಿಸುತ್ತದೆ. 1890ರಲ್ಲಿ ಎಡಿಸನ್ ಫ್ಯೂಸ್‌ಗೆ ಪೇಟೆಂಟ್ ಪಡೆದ. ಮನೆಗಳ ಎಂಸಿಬಿಯ ಮೂಲ 1924ರಲ್ಲಿ ಜರ್ಮನಿಯ ಹ್ಯೂಗೊ ಸ್ಟಾಟ್ಸ್ ಕಂಪನಿಯ ಪೇಟೆಂಟ್.

ಫ್ಯೂಸ್ ಇರುವುದು ಸೆಟ್ಟನ್ನು ಕಾಯಲು ಎಂದು ಬಹಳ ಜನ ತಿಳಿದಿದ್ದಾರೆ. ಅದು ಮೊದಲು ಕಾಯುವುದು ವೈರನ್ನು. ಹಾಗಾಗಿ ಅದರ ಜಾಗ ಸೆಟ್ಟಿನ ಹಿಂದೆ ಅಲ್ಲ, ಬ್ಯಾಟರಿಯ ಪ್ಲಸ್ ತುದಿಯಲ್ಲಿ. ಅಮೆರಿಕದ ಬೋಟ್ ಮಾನದಂಡ ಹೇಳುವ ಸಾಮಾನ್ಯ ಅಂತರ 7 ಇಂಚು, ಅಂದರೆ ಒಂದು ಗೇಣಿನೊಳಗೆ. ಫ್ಯೂಸ್ ದೂರ ಇದ್ದರೆ, ನಡುವಿನ ವೈರ್ ಉಜ್ಜಿ ಎಂಜಿನ್ನಿನ ಕಬ್ಬಿಣಕ್ಕೆ ತಾಗಿದಾಗ ತಡೆಯುವವರಿಲ್ಲ. ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಫೈಬರ್ ಬೋಟಾಗಲಿ ಮರದ ಬೋಟಾಗಲಿ, ಹೊತ್ತಿಕೊಂಡರೆ ಓಡಲು ಅಂಗಳ ಇಲ್ಲ.

25 ಆಂಪಿಯರ್ ಸೆಟ್‌ಗೆ 10 ಚದರ ಮಿಲಿಮೀಟರ್ ವೈರ್, 30 ಆಂಪಿಯರ್‌ನ ಹಸಿರು ಬ್ಲೇಡ್ ಫ್ಯೂಸ್ ಸರಿಹೊಂದುತ್ತದೆ. 20ರದು ಹಳದಿ, 15 ನೀಲಿ, 10 ಕೆಂಪು. ಹಾರಿದ ಫ್ಯೂಸ್ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದೆಂದರೆ ಕಾವಲುಗಾರನನ್ನು ಮನೆಗೆ ಕಳಿಸಿದ ಹಾಗೆ.

ಹಾಡು ನಿಂತರೆ ಪರವಾಗಿಲ್ಲ

2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರ ರಾಜ್ಯಗಳ ಬೋಟ್‌ಗಳೂ ಕಾರವಾರ ಬಂದರಿನಲ್ಲಿ ಆಸರೆ ಪಡೆದವು. ಅಂಥ ಹೊತ್ತಿನಲ್ಲಿ ನಡುಗಡಲಿನ ಬೋಟಿಗೆ ಎಚ್ಚರಿಕೆ ಮುಟ್ಟಿಸುವುದು, ದಾರಿ ತೋರುವುದು ವೈರ್‌ಲೆಸ್ ಮತ್ತು ಜಿಪಿಎಸ್. ಹಾಡಿನ ಸೆಟ್ಟು ಕುಡಿಯುವ ಬ್ಯಾಟರಿಯನ್ನೇ ಅವೂ ಕುಡಿಯುತ್ತಿದ್ದರೆ, ರಾತ್ರಿಯಿಡೀ ಹಾಡಿದ ಮೇಲೆ ಬೆಳಿಗ್ಗೆ ಕೂಗಿ ಕರೆಯಲು ದನಿ ಇರುವುದಿಲ್ಲ. ಹಾಡಿಗೆ ಬೇರೆ ಬ್ಯಾಟರಿ ಇಡಿ. ಒಂದೇ ಬ್ಯಾಟರಿಯಾದರೆ ವೈರ್‌ಲೆಸ್‌ಗೆ ಬೇರೆ ವೈರ್, ಬೇರೆ ಫ್ಯೂಸ್ ಇರಲಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೈತಖೋಲದಲ್ಲಿ, ಬೇಲೆಕೇರಿಯಲ್ಲಿ ಬಲೆ ಹೊಲಿಯುವ, ಎಂಜಿನ್ ಬಿಚ್ಚುವ ಕಾಲ. ಆ ದಿನಗಳಲ್ಲೇ ಬ್ಯಾಟರಿ ಪೆಟ್ಟಿಗೆಯ ಮುಚ್ಚಳವನ್ನೂ ಒಮ್ಮೆ ತೆರೆದು ನೋಡಿ. ಪ್ಲಸ್ ತುದಿಯಿಂದ ಎಷ್ಟು ವೈರ್ ಹೊರಟಿವೆ, ಎಷ್ಟಕ್ಕೆ ಫ್ಯೂಸ್ ಇದೆ ಎಂದು ಎಣಿಸಿ. ಎರಡೂ ಸಂಖ್ಯೆ ಒಂದೇ ಆದ ಮೇಲೆ ಬೋಟ್ ನೀರಿಗಿಳಿಸಿ.