ಸೊಳ್ಳೆ, ಸಂಶೋಧಕ ಮತ್ತು ಸಹಾಯಕ: ಮಲೇರಿಯಾ ಶೋಧದ ಕಥನಗಳು

ರೋಗಕ್ಕೆ ಕಾರಣವಾದ ಜೀವಿಯನ್ನು ಗುರುತಿಸುವುದು ವಿಜ್ಞಾನದ ಕೆಲಸ. ಅದನ್ನು ಯಾರು, ಹೇಗೆ, ಯಾರ ನೆರವಿನಿಂದ ಗುರುತಿಸಿದರೆಂದು ಹೇಳುವುದು ಕಥನದ ಕೆಲಸ. ಮೊದಲನೆಯದರ ಫಲ ಪ್ರಯೋಗಾಲಯದಲ್ಲಿ ದಾಖಲಾಗುತ್ತದೆ. ಎರಡನೆಯದರ ಫಲ ಜನರ ನೆನಪಿನಲ್ಲಿ ಉಳಿಯುತ್ತದೆ. ಸಾಂಕ್ರಾಮಿಕ ರೋಗಗಳ ಬಗೆಗೆ ಸಾಮಾನ್ಯ ಓದುಗರಿಗಿರುವ ತಿಳಿವಳಿಕೆಯ ಬಹುಭಾಗ ಬಂದಿರುವುದು ಈ ಎರಡನೆಯ ಮೂಲದಿಂದ, ಅಂದರೆ ಜನಪ್ರಿಯ ವಿಜ್ಞಾನ ಗ್ರಂಥಗಳಿಂದ ಮತ್ತು ಕಾದಂಬರಿಗಳಿಂದ. ಆದುದರಿಂದ ಇವುಗಳ ಕಥನವಿನ್ಯಾಸವನ್ನು ಜಾನಪದ ಅಧ್ಯಯನದ ಪರಿಕರಗಳಿಂದ ಪರಿಶೀಲಿಸುವುದು ಅನುಚಿತವಾಗಲಾರದು. ಮಲೇರಿಯಾ ಪರೋಪಜೀವಿಯು ಸೊಳ್ಳೆಯಲ್ಲಿ ಬೆಳೆಯುವುದನ್ನು ಕಂಡುಹಿಡಿದ ರೊನಾಲ್ಡ್ ರಾಸ್‌ನ ವೃತ್ತಾಂತವು ಬೇರೆ ಬೇರೆ ಪ್ರಕಾರಗಳಲ್ಲಿ ತಾಳಿದ ರೂಪಗಳನ್ನು ಗಮನಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಶೋಧದ ಹಾದಿ

ಮಲೇರಿಯಾ ಎಂಬ ಹೆಸರಿನ ಮೂಲಾರ್ಥ ಕೆಟ್ಟ ಗಾಳಿ. ಜೌಗು ನೆಲದಿಂದೇಳುವ ವಿಷವಾಯುವೇ ಈ ಜ್ವರಕ್ಕೆ ಕಾರಣವೆಂಬ ನಂಬಿಕೆ ಯೂರೋಪಿನಲ್ಲಿ ಶತಮಾನಗಳ ಕಾಲ ಬಾಳಿತು. 1880ರಲ್ಲಿ ಅಲ್ಜೀರಿಯದಲ್ಲಿದ್ದ ಫ್ರೆಂಚ್ ಸೈನಿಕ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಪರೋಪಜೀವಿಯನ್ನು ಕಂಡನು. ಅದಕ್ಕೆ ತುಸು ಮೊದಲು ಚೀನಾದ ಅಮೋಯ್‌ನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಆನೆಕಾಲು ರೋಗದ ಹುಳುವು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ತೋರಿಸಿದ್ದನು. ಮಲೇರಿಯಾಕ್ಕೂ ಸೊಳ್ಳೆಗೂ ಇಂತಹುದೇ ಸಂಬಂಧವಿರಬೇಕೆಂಬ ಮ್ಯಾನ್ಸನ್‌ನ ಊಹೆಯನ್ನು 1894ರಲ್ಲಿ ಲಂಡನ್ನಿನಲ್ಲಿ ಅವನಿಂದಲೇ ಕೇಳಿ, ಅದನ್ನು ಸಾಧಿಸುವ ಹಟ ತೊಟ್ಟು ಭಾರತಕ್ಕೆ ಮರಳಿದವನು ರಾಸ್.

ರಾಸ್ 1857ರಲ್ಲಿ ಹಿಮಾಲಯದ ತಪ್ಪಲಿನ ಆಲ್ಮೋರಾದಲ್ಲಿ ಹುಟ್ಟಿದವನು; 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದವನು. ಕರ್ನಾಟಕಕ್ಕೂ ಅವನಿಗೂ ನಂಟಿದೆ. 1883ರಲ್ಲಿ ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಹಂಗಾಮಿ ವೈದ್ಯನಾಗಿದ್ದಾಗ, ನಿಂತ ನೀರನ್ನು ಇಲ್ಲವಾಗಿಸಿದರೆ ಸೊಳ್ಳೆಗಳನ್ನು ತಗ್ಗಿಸಬಹುದೆಂಬುದು ಅವನ ಅನುಭವಕ್ಕೆ ಬಂದಿತು. 1895ರಲ್ಲಿ ಕಾಲರಾ ಹಾವಳಿಯನ್ನು ಎದುರಿಸಲು ಸರ್ಕಾರ ಅವನನ್ನು ಮತ್ತೆ ಬೆಂಗಳೂರಿಗೆ ಕಳುಹಿಸಿತು. 1897ರಲ್ಲಿ ನೀಲಗಿರಿಯಿಂದ ಮೈಸೂರಿನ ಕಡೆಗಿಳಿಯುವ ಸೀಗೂರು ಘಾಟಿಯಲ್ಲಿ ಅಲೆದಾಡಿದಾಗ ಸ್ವತಃ ಅವನಿಗೇ ಮಲೇರಿಯಾ ತಗುಲಿತು.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಕಚ್ಚಿದ ಸೊಳ್ಳೆಗಳನ್ನು ರಾಸ್ ಕಾಪಾಡಿಕೊಂಡನು. ಪ್ರತಿ ಸೊಳ್ಳೆಯ ಕಡಿತಕ್ಕೆ ಖಾನನಿಗೆ ಒಂದಾಣೆ ಸಂದಾಯವಾಯಿತು. ಆಗಸ್ಟ್ 20ರಂದು ಆ ಸೊಳ್ಳೆಗಳಲ್ಲೊಂದರ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಾಣಿಸಿದವು. ಮಲೇರಿಯಾ ಪರೋಪಜೀವಿಯು ಸೊಳ್ಳೆಯ ಒಡಲಲ್ಲಿ ಬೆಳೆಯುತ್ತದೆ ಎಂಬುದಕ್ಕೆ ಅದು ಮೊದಲ ಸಾಕ್ಷ್ಯ. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಅಭ್ಯಸಿಸಿ, ಪರೋಪಜೀವಿಯು ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರಿ ಕಡಿತದ ಮೂಲಕ ಹೊಸ ದೇಹಕ್ಕೆ ದಾಟುವುದನ್ನು ಅವನು ತೋರಿಸಿದನು. ಮನುಷ್ಯರ ಮಲೇರಿಯಾವನ್ನು ಅನಾಫಿಲಿಸ್ ಸೊಳ್ಳೆ ಹರಡುತ್ತದೆಂಬುದನ್ನು 1898ರ ಕೊನೆಗೆ ಇಟಲಿಯ ಗ್ರಾಸಿ ಮತ್ತು ಅವನ ಸಂಗಡಿಗರು ಸಾಧಿಸಿದರು. 1902ರ ನೊಬೆಲ್ ಪಾರಿತೋಷಕವು ರಾಸ್ ಒಬ್ಬನಿಗೇ ಸಂದಿತು. ಶ್ರೇಯಸ್ಸು ಯಾರದೆಂಬ ಜಗಳ ಇಬ್ಬರ ಜೀವಮಾನವನ್ನೂ ಆವರಿಸಿತು.

ಜನಪ್ರಿಯ ವಿಜ್ಞಾನದ ನಾಯಕ

ರಾಸ್ ಕವಿಯೂ ಕಾದಂಬರಿಕಾರನೂ ಆಗಿದ್ದನು ಎಂಬುದು ಗಮನಾರ್ಹ. ಕಥೆ ಕಟ್ಟುವ ಬಗೆಯನ್ನು ಬಲ್ಲ ಈತ ಆಗಸ್ಟ್ 20ನ್ನು ಸೊಳ್ಳೆಯ ದಿನವೆಂದು ತಾನೇ ಹೆಸರಿಸಿದನು. 1923ರಲ್ಲಿ ಆತ್ಮವೃತ್ತಾಂತವನ್ನು ಪ್ರಕಟಿಸಿದನು. ಆದರೆ ಲೋಕಕ್ಕೆ ಈ ಕಥೆಯನ್ನು ಮುಟ್ಟಿಸಿದ್ದು 1926ರಲ್ಲಿ ಅಮೆರಿಕದ ಪಾಲ್ ಡಿ ಕ್ರೈಫ್ ಬರೆದ 'ಮೈಕ್ರೋಬ್ ಹಂಟರ್ಸ್'. ಡಿ ಕ್ರೈಫ್ ಸ್ವತಃ ಸೂಕ್ಷ್ಮಜೀವಿಶಾಸ್ತ್ರಜ್ಞ. ಸಿಂಕ್ಲೇರ್ ಲೂಯಿಸ್‌ನ 1925ರ ಕಾದಂಬರಿ 'ಆರೋಸ್ಮಿತ್'ಗೆ ವಿಜ್ಞಾನದ ವಿವರಗಳನ್ನು ಒದಗಿಸಿದವನೂ ಇವನೇ. ಕಾದಂಬರಿಯ ಪಕ್ಕದಲ್ಲೇ ಜನಪ್ರಿಯ ವಿಜ್ಞಾನ ಬೆಳೆಯಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹೆಸರೇ ಸೂಚಿಸುವಂತೆ ಈ ಗ್ರಂಥದ ಮೂಲ ರೂಪಕ ಬೇಟೆ. ಸಂಶೋಧಕನು ಬೇಟೆಗಾರ, ಸೂಕ್ಷ್ಮಜೀವಿಯು ಮೃಗ. ಮನೆ ಬಿಟ್ಟು ಹೊರಡುವ ನಾಯಕ, ದಾರಿ ತೋರುವ ಹಿರಿಯ, ಮೇಲಿಂದ ಮೇಲೆ ಬರುವ ಸೋಲು, ಪ್ರತಿಸ್ಪರ್ಧಿಯ ಕಪಟ, ಕಡೆಗೆ ದೊರೆಯುವ ಸನ್ಮಾನ: ಈ ಸರಣಿಯು ಜನಪದ ಕಥೆಯ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಮಲೇರಿಯಾದ ಅಧ್ಯಾಯದಲ್ಲಿ ರಾಸ್ ಮತ್ತು ಗ್ರಾಸಿಯರು ಪರಸ್ಪರ ಎದುರಾಳಿಗಳಾಗಿ ನಿಲ್ಲುತ್ತಾರೆ. ತನ್ನ ಚಿತ್ರಣದಿಂದ ಕೆರಳಿದ ರಾಸ್ ಮಾನನಷ್ಟದ ಬೆದರಿಕೆ ಹಾಕಿದ್ದರಿಂದ ಇಂಗ್ಲೆಂಡಿನ ಆವೃತ್ತಿಯಲ್ಲಿ ಆ ಅಧ್ಯಾಯವನ್ನೇ ಕೈಬಿಡಲಾಯಿತು. ಕಥೆಯ ನಾಯಕನೇ ಕಥೆಯನ್ನು ತಡೆದ ಅಪರೂಪದ ಪ್ರಸಂಗವಿದು.

ವ್ಲಾದಿಮಿರ್ ಪ್ರಾಪ್ 1928ರಲ್ಲಿ ರಷ್ಯದ ಅದ್ಭುತ ಕಥೆಗಳನ್ನು ವಿಶ್ಲೇಷಿಸುತ್ತ ಗುರುತಿಸಿದ ಪಾತ್ರಗಳಲ್ಲಿ ದಾನಿ ಮತ್ತು ಸಹಾಯಕ ಮುಖ್ಯವಾದವು. ದಾನಿಯು ನಾಯಕನನ್ನು ಪರೀಕ್ಷಿಸಿ ಮಾಂತ್ರಿಕ ವಸ್ತುವನ್ನು ಕೊಡುತ್ತಾನೆ. ಅದಿಲ್ಲದೆ ನಾಯಕನಿಗೆ ಗೆಲುವಿಲ್ಲ. ಸಿಕಂದರಾಬಾದಿನ ವೃತ್ತಾಂತದಲ್ಲಿ ದಾನಿ ಯಾರು? ಉತ್ತರ ಸ್ಪಷ್ಟವಾಗಿದೆ. ಸೊಳ್ಳೆಯ ಜಠರದಲ್ಲಿ ಕಂಡ ಪರೋಪಜೀವಿಯು ಹುಸೇನ್ ಖಾನನ ರಕ್ತದಿಂದ ಬಂದದ್ದು. ಆದರೆ ಇಲ್ಲಿ ಕ್ರಮ ತಲೆಕೆಳಗಾಗಿದೆ. ನಾಯಕನೇ ದಾನಿಯನ್ನು ಪರೀಕ್ಷಿಸುತ್ತಾನೆ, ಒಂದಾಣೆ ಕೊಟ್ಟು ಋಣ ತೀರಿಸುತ್ತಾನೆ. ಲಚ್ಮನ್ ಎಂಬ ಡೋಲಿ ಹೊರುವ ಯುವಕನದು ಇನ್ನೂ ಕಠಿಣವಾದ ಸ್ಥಿತಿ. ಸತ್ತ ಸೊಳ್ಳೆಗಳಿರುವ ನೀರಿನ ಮೂಲಕ ರೋಗ ಬರುತ್ತದೆಂದು ನಂಬಿದ್ದ ದಿನಗಳಲ್ಲಿ ರಾಸ್ ಆರೋಗ್ಯವಂತನಾಗಿದ್ದ ಈತನಿಗೆ ಅಂತಹ ನೀರನ್ನು ಕುಡಿಸಿದನು. ಕಲ್ಕತ್ತೆಯಲ್ಲಿ ಸೊಳ್ಳೆ ಹಿಡಿದು ತಂದು ನೆರವಾದವನು ಮಹಮ್ಮದ್ ಬಕ್ಷ್. ಅಲ್ಲಿಯ ಇನ್ನೊಬ್ಬ ಸಹಾಯಕ ಕಿಶೋರಿ ಮೋಹನ ಬಂದ್ಯೋಪಾಧ್ಯಾಯರಿಗೆ 1903ರಲ್ಲಿ ಚಿನ್ನದ ಪದಕ ದೊರೆಯಿತು.

ಈ ಹೆಸರುಗಳು ಉಳಿದುಬಂದಿರುವುದಕ್ಕೆ ರಾಸ್‌ನ ಸ್ವಂತ ದಾಖಲೆಗಳೂ ಕಾರಣವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆದರೆ ಅನಂತರದ ಕಥನಗಳಲ್ಲಿ ಈ ಹೆಸರುಗಳು ಬಂದರೂ ಹಾದುಹೋಗುವ ಹೆಸರುಗಳಾಗಿಯೇ ಬಂದವು. ಅವರೇನು ಯೋಚಿಸಿದರು, ಏನನ್ನು ಬಲ್ಲವರಾಗಿದ್ದರು ಎಂಬ ಪ್ರಶ್ನೆ ಬೇಟೆಯ ಕಥೆಗೆ ಬೇಕಾಗಲಿಲ್ಲ. ಜನಪದ ಕಥೆಯು ನಾಯಕನಿಗೆ ನೆರವಾದ ಇರುವೆಯನ್ನೂ ಮರೆಯುವುದಿಲ್ಲ; ಆಧುನಿಕ ಕಥನ ಮನುಷ್ಯನನ್ನೇ ಮರೆಯಿತು.

ಕಾದಂಬರಿಯ ಪ್ರತಿಕಥನ

ಈ ಮರೆವನ್ನೇ ವಸ್ತುವಾಗಿಸಿಕೊಂಡ ಕೃತಿ ಅಮಿತಾವ್ ಘೋಷ್ ಅವರ 'ದಿ ಕ್ಯಾಲ್ಕಟಾ ಕ್ರೋಮೋಸೋಮ್'. 1997ರಲ್ಲಿ ವೈಜ್ಞಾನಿಕ ಕಾದಂಬರಿಗಳಿಗೆ ಮೀಸಲಾದ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ಪತ್ತೇದಾರಿ ಕಥೆ, ಭೂತದ ಕಥೆ, ಭವಿಷ್ಯದ ಯಂತ್ರದ ಕಥೆ ಮೂರೂ ಹೆಣೆದುಕೊಂಡಿವೆ. ರಾಸ್‌ನ ಇತಿಹಾಸದ ಬೆನ್ನುಹತ್ತಿದ ಮುರುಗನ್ 1995ರಲ್ಲಿ ಕಲ್ಕತ್ತೆಯಲ್ಲಿ ಕಣ್ಮರೆಯಾಗುತ್ತಾನೆ. ಶೋಧ ಮಾಡಿದವನು ರಾಸ್ ಅಲ್ಲ, ಬೇರೆಯವರು ಬೇಕೆಂದೇ ಅವನಿಂದ ಮಾಡಿಸಿದರೆಂಬುದು ಅವನ ವಾದ. ಪ್ರಯೋಗಾಲಯದಲ್ಲಿ ಕಸ ಗುಡಿಸುವ ಮಂಗಳಾ ಎಂಬ ಹೆಂಗಸು ಮತ್ತು ಲಚ್ಮನ್ ಆ ಗುಪ್ತ ಪಂಥದ ಮುಖ್ಯರು. ಇತಿಹಾಸದ ಡೋಲಿ ಹೊರುವವನು ಕಾದಂಬರಿಯಲ್ಲಿ ಸೂತ್ರಧಾರನಾಗುತ್ತಾನೆ. ಮಂಗಳೆಯು ಪಾರಿವಾಳಗಳ ಮೂಲಕ ಮಲೇರಿಯಾವನ್ನು ಬಳಸಿ ಮೇಹರೋಗದಿಂದ ಬುದ್ಧಿಭ್ರಮಣೆಯಾದವರಿಗೆ ಚಿಕಿತ್ಸೆ ನೀಡುತ್ತಾಳೆ. ಇದರ ಹಿಂದೆಯೂ ನಿಜದ ಎಳೆಯೊಂದಿದೆ: ವಿಯೆನ್ನಾದ ವಾಗ್ನರ್-ಯೌರೆಗ್ 1917ರಲ್ಲಿ ಇಂತಹ ಚಿಕಿತ್ಸೆಯನ್ನು ಆರಂಭಿಸಿ 1927ರಲ್ಲಿ ನೊಬೆಲ್ ಪಡೆದನು.

ಮಂಗಳೆಯ ಗುಪ್ತಜ್ಞಾನಕ್ಕೆ ಚಾರಿತ್ರಿಕ ಆಧಾರವಿಲ್ಲ. ಇದ್ದಂತೆ ಓದುವುದು ಕೃತಿಗೂ ಇತಿಹಾಸಕ್ಕೂ ಮಾಡುವ ಅನ್ಯಾಯ. ಕಾದಂಬರಿಯು ಹೊಸ ದಾಖಲೆಯನ್ನು ಒದಗಿಸುವುದಿಲ್ಲ, ಇರುವ ದಾಖಲೆಯ ಖಾಲಿ ಜಾಗವನ್ನು ತೋರಿಸುತ್ತದೆ. ಈ ದೃಷ್ಟಿಯಿಂದ ಅದು ಐತಿಹ್ಯದ ಕೆಲಸವನ್ನು ಮಾಡುತ್ತದೆ. ಶಾಸನ ಮೌನವಾಗಿರುವಲ್ಲಿ ಊರಿನ ಐತಿಹ್ಯವು ಕೆರೆಗೆ ಹಾರವಾದ ಸೊಸೆಯನ್ನು ನೆನೆಯುವುದಿಲ್ಲವೆ? ಅಲ್ಲಿ ಮುಖ್ಯವಾದುದು ಘಟನೆಯ ದಿನಾಂಕವಲ್ಲ, ಕಟ್ಟೆ ನಿಲ್ಲಲು ಯಾರು ಬೆಲೆ ತೆತ್ತರೆಂಬ ಪ್ರಶ್ನೆ.

ಮಾರಿಯ ಕಥೆ ಮತ್ತು ರೋಗದ ಮೂಲ

ಇಲ್ಲಿ ಕರ್ನಾಟಕದ ಮಾರಿಯ ಐತಿಹ್ಯವನ್ನು ಪಕ್ಕದಲ್ಲಿಟ್ಟು ನೋಡಬಹುದು. ಕುಲವನ್ನು ಮರೆಮಾಚಿ ಬಂದವನನ್ನು ವರಿಸಿದ ಹೆಣ್ಣು ಮೋಸವನ್ನರಿತು ಉಗ್ರಳಾಗಿ ಮಾರಿಯಾದಳೆಂದು ಹಲವು ಪಾಠಾಂತರಗಳಲ್ಲಿ ಹೇಳಲಾಗುತ್ತದೆ. ಈ ಐತಿಹ್ಯದೊಳಗಿರುವ ಜಾತಿಶ್ರೇಣಿಯ ಸಮರ್ಥನೆಯನ್ನು ಅಲ್ಲಗಳೆಯಲಾಗದು. ಅದನ್ನು ವಿಮರ್ಶೆಯಿಲ್ಲದೆ ಸ್ವೀಕರಿಸಲೂ ಆಗದು. ಆದರೂ ಅದರ ವಿನ್ಯಾಸದಲ್ಲಿ ಒಂದು ಅಂಶ ಗಮನಿಸತಕ್ಕದ್ದು. ಅಲ್ಲಿ ರೋಗದ ಕಥೆ ನೊಂದವರಿಂದ ಆರಂಭವಾಗುತ್ತದೆ. ಬೇಟೆಯ ಕಥನದಲ್ಲಿ ಅದು ಗೆಲ್ಲುವವನಿಂದ ಆರಂಭವಾಗುತ್ತದೆ. ಜಾತ್ರೆಯ ಕೊನೆಗೆ ಮಾರಿಯನ್ನು ಗಡಿ ದಾಟಿಸುವವರೆಗೆ ಊರಿನ ಎಲ್ಲ ಸಮುದಾಯಗಳಿಗೂ ಒಂದೊಂದು ಕೆಲಸ ನಿಗದಿಯಾಗಿರುತ್ತದೆ. ಆ ಕೆಲಸಗಳು ಸಮಾನವಲ್ಲ, ಆದರೆ ಯಾರದು ಯಾವುದೆಂಬುದು ಊರಿಗೆಲ್ಲ ತಿಳಿದಿರುತ್ತದೆ. ಪ್ರಯೋಗಾಲಯದ ಕಥನದಲ್ಲಿ ಅಸಮಾನತೆ ಹಾಗೆಯೇ ಉಳಿದು, ತಿಳಿವು ಮಾತ್ರ ಅಳಿಯಿತು.

ಶಿವರಾಮ ಕಾರಂತರ 'ಚೋಮನ ದುಡಿ' (1933) ಈ ಸಂದರ್ಭದಲ್ಲಿ ನೆನಪಾಗುತ್ತದೆ. ಸಾಲ ತೀರಿಸಲೆಂದು ಕಾಫಿತೋಟಕ್ಕೆ ಹೋದ ಚೋಮನ ಮಗನೊಬ್ಬ ಜ್ವರ ಹೊತ್ತು ಬಂದು ಸಾಯುತ್ತಾನೆ. ಆ ಸಾವಿಗೆ ಸೊಳ್ಳೆಯಷ್ಟೇ ಕಾರಣವೆನ್ನುವಂತಿಲ್ಲ. ಸಾಲ, ಭೂಮಿಯಿಲ್ಲದಿರುವಿಕೆ, ಘಟ್ಟದ ದುಡಿಮೆ ಎಲ್ಲವೂ ಆ ಜ್ವರದೊಳಗೆ ಸೇರಿವೆ. ರಾಸ್ ಕಂಡುಹಿಡಿದದ್ದು ರೋಗದ ಹಾದಿಯನ್ನು. ಆ ಹಾದಿಯಲ್ಲಿ ಯಾರು ನಡೆಯಬೇಕಾಯಿತೆಂಬುದನ್ನು ಹೇಳಿದ್ದು ಕನ್ನಡದ ಕಾದಂಬರಿ.

ಸಮಾರೋಪ

ಮೇಲಿನ ಚರ್ಚೆಯಿಂದ ರಾಸ್‌ನ ಸಾಧನೆಯನ್ನು ಕುಗ್ಗಿಸುವ ಉದ್ದೇಶವಿಲ್ಲ. ಬೆಂಗಳೂರಿನ ನಿಂತ ನೀರಿನಲ್ಲಿ ಅವನು ಕಂಡ ಸತ್ಯದ ಆಧಾರದ ಮೇಲೆ ಮುಂದೆ ಎಣಿಕೆಗೆ ಸಿಗದಷ್ಟು ಜೀವಗಳು ಉಳಿದವು. ಶೋಧವು ಒಬ್ಬನ ಹೆಸರಿನಲ್ಲಿ ನಿಂತರೂ ಅದು ಹಲವರ ಮೈಯಿಂದ ಹುಟ್ಟಿದ್ದು ಎಂಬುದಷ್ಟೇ ಇಲ್ಲಿಯ ನಿಲುವು. ಜನಪ್ರಿಯ ವಿಜ್ಞಾನವು ನಾಯಕನನ್ನು ಕೊಟ್ಟಿತು, ಕಾದಂಬರಿಯು ಸಹಾಯಕನನ್ನು ಮರಳಿ ಕರೆತಂದಿತು. ಇವೆರಡರ ನಡುವೆ, ದಾಖಲೆಯ ಅಂಚಿನಲ್ಲಿರುವ ಹೆಸರುಗಳನ್ನು ಓದುವ ಕೆಲಸ ಜಾನಪದ ವಿದ್ವಾಂಸರದೂ ಹೌದು. ಹುಸೇನ್ ಖಾನನ ತೋಳಿನ ಮೇಲೆ ಕುಳಿತ ಆ ಸೊಳ್ಳೆ ಇತಿಹಾಸವನ್ನು ಸೇರಿತು. ತೋಳಿನ ಒಡೆಯನೂ ಸೇರಬೇಕಾದುದು ನ್ಯಾಯ.